ಹಲ್ಲುಸೆಟ್ಟಿನವರು ಮಾಡಿದ ತಲೆಯೋಡು

ಪುತ್ತೂರು ಪೇಟೆಯಲ್ಲಿ ಎಲ್ಲರೂ ಹಲ್ಲುಸೆಟ್ಟಿನವರು ಎಂದೇ ಕರೆಯುವ ಒಬ್ಬರು ಕಟ್ಟುಹಲ್ಲಿನ ಸೆಟ್ಟು ಮಾಡುತ್ತಿದ್ದರು. ಅಳೆದದ್ದನ್ನೇ ಅಳೆದು, "ಇನ್ನೊಮ್ಮೆ ನೋಡುವ" ಎನ್ನುವುದು ಅವರ ಅಭ್ಯಾಸ. ಮರದಿಂದ ಬಿದ್ದು ತಲೆಯೋಡಿನ ಒಂದು ಭಾಗ ಕಳೆದುಕೊಂಡ ಬೆಳ್ಳಾರೆಯ ಆಳೊಬ್ಬನಿಗೆ, ಮಂಗಳೂರಿನ ಸರ್ಜನರು ಕೂರಿಸಲೆಂದು, ಹಲ್ಲುಸೆಟ್ಟಿನ ಅಕ್ರಿಲಿಕ್ಕಿನಲ್ಲೇ ಆ ಭಾಗವನ್ನು ಅವರು ಮಾಡಿಕೊಡಬೇಕಿತ್ತು.

ಅಚ್ಚು ತೆಗೆಯುವ ದಿನ ನಾನೂ ಅಲ್ಲಿದ್ದೆ. ಆಳಿನ ಧಣಿಗಳು ಒಳಗೆ ಬಂದರು. ಅವನು ತಟ್ಟನೆ ಎದ್ದು, ಆಗಿನ ರೂಢಿಯಂತೆ ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆಯನ್ನು, ತೆಗೆದು ನಿಂತ. ಮೂಳೆಯಿಲ್ಲದ ಕಡೆ ಬರೀ ಚರ್ಮ ಮಿಡಿಯುತ್ತಿತ್ತು.

"ಮುಟ್ಟಾಳೆ ಉಂಟಲ್ಲ ಮಾರಾಯ್ರೆ, ಇವನಿಗೆ ಎಂತಕ್ಕೆ ಹೊಸ ಓಡು?" ಎಂದು ಧಣಿಗಳು ನಕ್ಕರು. ಆ ನಗು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹಲ್ಲುಸೆಟ್ಟಿನವರು ಆಳನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಧಣಿಗಳ ಕಡೆ ತಿರುಗಿದರು.

"ಮುಟ್ಟಾಳೆಯನ್ನು ನಿಮ್ಮೆದುರು ತೆಗೀಬೇಕಲ್ಲ ಧಣಿಗಳೇ! ಈ ಓಡನ್ನು ಯಾರೆದುರೂ ತೆಗೀಲಿಕ್ಕೆ ಇಲ್ಲ."