ದೋಣಿಯ ಮೂತಿಯಲ್ಲಿ ಸಿಪಿಲೆ

ಹೊಳೆ ದಾಟುವ ಕಡವಿನಲ್ಲಿ ಅವನನ್ನು ಎಲ್ಲರೂ ಡಾಂಬರಣ್ಣ ಎನ್ನುತ್ತಾರೆ. ದೋಣಿಗಳ ಬಿರುಕಿಗೆ ಹತ್ತಿ ತುರುಕಿ, ಮೇಲೆ ಡಾಂಬರು ಬಳಿಯುವುದು ಅವನ ಕಸುಬು. ಯಾವ ಸಂದನ್ನೇ ಮುಚ್ಚಲಿ, ಮೊದಲು ಬೆರಳು ತೂರಿಸಿ ತಡಕುತ್ತಾನೆ. ಆ ದಿನ ಜನರನ್ನು ದಾಟಿಸುವ ದೋಣಿಯ ಮೂತಿ ಮುಚ್ಚುವಾಗ ಮಾತ್ರ ತಡಕಲಿಲ್ಲ.

ಅದಕ್ಕೆ ಕಾರಣ, ಟಿಕೆಟ್ ಕಿಟಕಿಯಲ್ಲಿ ಕೂರುವ ಅವನ ಅಕ್ಕ.

“ಲೋ, ಆ ಮೂತಿ ಹಲಗೆ ಮುಚ್ಚಬೇಡ್ವೋ. ಒಳಗೆ ಸಿಪಿಲೆ ಹಕ್ಕಿ ಗೂಡಿದೆ.”

“ಸುಮ್ನಿರಕ್ಕ. ಅದು ಚಳಿಗೆ ಬರೋ ಬಿಳಿ ಸಿಪಿಲೆ. ಬಿಸಿಲು ಏರಿದ್ರೆ ಗಂಟುಮೂಟೆ ಕಟ್ಟುತ್ತೆ. ಇಲ್ಯಾಕೆ ಗೂಡು ಮಾಡುತ್ತೆ?”

“ಅದರ ಮುಖವೆಲ್ಲ ಬಿಳಿ ಕಣೋ. ಇದರ ತಲೆ ಕಪ್ಪು, ಹುಬ್ಬು ಮಾತ್ರ ಬಿಳಿ. ಇದು ವರ್ಷಪೂರ್ತಿ ಇಲ್ಲೇ ಇರೋದು. ಕಣ್ಬಿಟ್ಟು ನೋಡು.”

“ನೀನು ಟಿಕೆಟ್ ಹರಿ ಮಾರಾಯ್ತಿ, ಹಕ್ಕಿ ವಿಷಯ ನನಗೆ ಬಿಡು.”

ದಡದಲ್ಲಿದ್ದವರು ನಕ್ಕರು. ಅವರು ನಕ್ಕ ಮೇಲೆ ಸಂದಿಗೆ ಬೆರಳು ತೂರಿಸಿದರೆ ಅಕ್ಕನ ಮಾತಿಗೆ ತಲೆಬಾಗಿದಂತೆ. ಅವನು ಹತ್ತಿ ಗಿಡಿದು, ಡಾಂಬರು ಬಳಿದು, ಕೈ ಒರೆಸಿಕೊಂಡ.

ಸಂಜೆ ನೀರು ಒಸರುತ್ತದೆಯೇ ನೋಡಲು ತಾನೂ ದೋಣಿ ಹತ್ತಿದ. ನಡುಹೊಳೆಯಲ್ಲಿ ಹಕ್ಕಿಯೊಂದು ಹಿಂದೆಯೇ ಹಾರಿಬಂದು ಮೂತಿಯ ಮೇಲೆ ಇಳಿಯಿತು. ಕೊಕ್ಕಿನ ತುಂಬ ಹುಳ. ಬಾಲ ಕುಣಿಸುತ್ತ ಹೊಸ ಡಾಂಬರಿನ ಸುತ್ತ ಓಡಾಡಿತು, ದಾರಿ ಹುಡುಕಿತು. ಕಪ್ಪು ತಲೆ. ಕಣ್ಣಿನ ಮೇಲೆ ಬಳಪದಲ್ಲಿ ಎಳೆದಂತೆ ಬಿಳಿ ಹುಬ್ಬು.

ಅವನು ಮೂತಿಯ ಬಳಿ ಮಂಡಿಯೂರಿದ. ಉಳಿ ತೆಗೆದ.

“ಏನಣ್ಣಾ, ನಡುನೀರಲ್ಲಿ ತೂತು ಮಾಡ್ತೀಯಾ?” ಅಂಬಿಗ ಕೂಗಿಕೊಂಡ. “ನಮ್ಮನ್ನೆಲ್ಲ ಮುಳುಗಿಸಿಬಿಡ್ತೀಯಲ್ಲೋ!”

ಹತ್ತಿ ಕಿತ್ತು ಬಂತು. ಒಳಗೆ ಎರಡು ಮರಿಗಳು ಬಾಯಿ ತೆರೆದವು. ಮೂರನೆಯದರ ಬೆನ್ನ ಮೇಲೆ ಡಾಂಬರು ಹರಿದಿತ್ತು, ಅದು ಅಲುಗಲಿಲ್ಲ.

ಮರಳಿ ಬಂದು, ಅದನ್ನು ಅಂಗೈಯಲ್ಲಿಟ್ಟುಕೊಂಡೇ ಅಕ್ಕನ ಕಿಟಕಿಯ ಮುಂದೆ ನಿಂತ. ಅವಳು ನೀರು ಮೊಗೆಯಲು ಒಂದು ಖಾಲಿ ಡಬ್ಬವನ್ನು ಕಿಟಕಿಯಿಂದ ಹೊರಗೆ ನೂಕಿದಳು, ಅಷ್ಟೆ.

ಈಗ ದೋಣಿ ಹೊರಟಾಗಲೆಲ್ಲ ಅವನೂ ಹೋಗುತ್ತಾನೆ. ಅಲೆ ಎದ್ದರೆ ತೆರೆದ ಸಂದಿನಿಂದ ಮರಿಗಳ ಪಕ್ಕದಲ್ಲೇ ನೀರು ನುಗ್ಗುತ್ತದೆ. ಡಬ್ಬದಲ್ಲಿ ಮೊಗೆದು ಚೆಲ್ಲುತ್ತಾನೆ. ಮರಿ ಹಾರುವವರೆಗೆ ಅದೇ ಕೆಲಸ. ಆದರೆ ಅವನು ಅಲ್ಲಿ ಕೂತಿರುವಷ್ಟು ಹೊತ್ತು ತಾಯಿಹಕ್ಕಿ ಒಳಗೆ ಹೋಗುವುದಿಲ್ಲ; ಹುಳ ಕಚ್ಚಿಕೊಂಡು ಅಂಚಿನಲ್ಲಿ ನಿಂತು ಅವನನ್ನೇ ನೋಡುತ್ತದೆ. ಆಗ ಅವನು ಡಬ್ಬ ಕೆಳಗಿಟ್ಟು, ಎದ್ದು, ದೋಣಿಯ ಹಿಂಬದಿಗೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಾನೆ.