ಸವೆದ ಕಲ್ಲಿಗೆ ಓರೆಬೆಳಕು

ಬೆಳಕು ಹರಿಯುವ ಮುನ್ನವೇ ಕನ್ನಡಿಯಕ್ಕ ನಗರದ ಹಳೆಯ ಸ್ಮಶಾನದ ಗೇಟು ತೆರೆಯುತ್ತಾರೆ. ಕಾವಲುಗಾರ್ತಿಗೆ ಈ ಹೆಸರು ತಂದುಕೊಟ್ಟ ಕನ್ನಡಿ ಅವರ ಕಂಕುಳಲ್ಲಿದೆ. ಇಂದು ಅವರಿಗೆ ಎಲ್ಲಿಲ್ಲದ ಅವಸರ. ಹಾದಿ ಅಗಲಿಸಲೆಂದು ಗೋಡೆಯಂಚಿನ ಸಾಲಿನಲ್ಲಿ ವಾರಸುದಾರರಿಲ್ಲದ ಕಲ್ಲುಗಳನ್ನು ಕೂಲಿಗಳು ಈ ಬೆಳಿಗ್ಗೆಯೇ ಕೀಳಲಿದ್ದಾರೆ. ಅಲ್ಲೆಲ್ಲೋ ತನ್ನ ಅಜ್ಜಿ ಮಲಗಿದ್ದಾಳೆಂದು ನಂಬಿರುವ ಮುದಿ ದರ್ಜಿಯೊಬ್ಬರು ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದಾರೆ.

"ಪಾಚಿ ಕಟ್ಟಿದ ಕಲ್ಲೆಲ್ಲ ಕೆರೆದು ಓದಿದ್ದಾಯ್ತಲ್ಲಮ್ಮ."

"ಅಲ್ಲೇ ನಾವು ಎಡವಿದ್ದು ಅಣ್ಣಾ."

ದರ್ಜಿಯ ಮನೆಯಲ್ಲೊಂದು ಹಳೆಯ ಮಾತಿತ್ತು: ಅಜ್ಜಿಯನ್ನು ಮಣ್ಣು ಮಾಡಿದ ಮೇಲೆ, ದರ್ಜಿಯೇ ಆಗಿದ್ದ ತಾತ ಇತ್ತ ತಲೆಯೇ ಹಾಕಲಿಲ್ಲ. ಆದ್ದರಿಂದ ಯಾರೂ ಮುಟ್ಟದ ಕಲ್ಲುಗಳಲ್ಲೇ ಹುಡುಕಾಟ ನಡೆದಿತ್ತು.

ಕನ್ನಡಿಯಕ್ಕನಿಗೆ ಈ ಕೆಲಸ ಅತ್ತೆಯಿಂದ ಬಂದದ್ದು. ಗಂಡ ತೀರಿಕೊಂಡ ಮೇಲೆ ಹುಲ್ಲು ಕೊಯ್ದು, ಹಾದಿ ಗುಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದಾರೆ. ವಂಶದ ಬೇರು ಹುಡುಕಿ ಬಂದವರಿಗೆ ಯಾರ ಮಗಳು ಯಾರ ಸೊಸೆಯಾದಳೆಂದು ಸಾಲು ಸಾಲಾಗಿ ತೋರಿಸುವುದೂ ಅವರದೇ ಪಾಲು. "ಇಲ್ಲಿನ ಕಲ್ಲು ಮೆದು," ಎನ್ನುತ್ತಾರೆ. "ಯಾರೂ ಬರದಿದ್ರೆ ಪಾಚಿ ಅಕ್ಷರ ಕಾಯುತ್ತೆ. ವಾರವಾರ ಬಂದು ಉಜ್ಜಿದ್ರೆ ಅಕ್ಷರಾನೇ ಸವೆದುಹೋಗುತ್ತೆ."

ಗೋಡೆಯ ಮೇಲೆ ಸೂರ್ಯ ಇಣುಕುತ್ತಾನೆ. ಸಾಲಿನಲ್ಲೇ ಅತಿ ಬೋಳಾದ ಕಲ್ಲಿನ ಮಗ್ಗುಲಿಗೆ ಕನ್ನಡಿಯಕ್ಕ ಮಂಡಿಯೂರಿ ಕನ್ನಡಿಯನ್ನು ಓರೆ ಹಿಡಿಯುತ್ತಾರೆ. ಬೆಳಕು ಕಲ್ಲನ್ನು ಸವರಿದಂತೆ ತಗ್ಗುಗಳಲ್ಲಿ ನೆರಳು ತುಂಬುತ್ತದೆ. ಒಂದು ಕೊಂಬು, ಒಂದು ಸೊನ್ನೆ, ಆಮೇಲೆ ಇಡೀ ಸಾಲು: ಗಡಿಯಾರ ರಿಪೇರಿಯವರ ಮಗಳು, ದರ್ಜಿಯ ಮಡದಿ. ಅದರ ಕೆಳಗೆ ಹೆಸರು.

ಮುದುಕರು ಆ ಹೆಸರನ್ನು ಎರಡು ಸಲ ಓದುತ್ತಾರೆ. "ನಮ್ಮಜ್ಜಿ ಕಣಮ್ಮ. ಗಡಿಯಾರದವರ ಮನೆಯಿಂದಾನೇ ಬಂದವಳು."

ಅಷ್ಟರಲ್ಲಿ ಹಾರೆ ಹೊತ್ತ ಮೇಸ್ತ್ರಿ ಬಂದು ನಿಲ್ಲುತ್ತಾನೆ. "ಏನಕ್ಕ, ಈ ಬೋಳು ಕಲ್ಲಿಗೂ ವಾರಸುದಾರರಾ?"

"ನಿನ್ ತಲೆಗೇ ಇರುವಾಗ ಇದಕ್ಕೆ ಇರಬಾರ್ದಾ? ಬಗ್ಗಿ ಓದು, ಆಮೇಲೆ ಮುಂದಕ್ಕೆ ನಡಿ."

ಮೇಸ್ತ್ರಿ ತನ್ನ ಬೋಳುತಲೆ ಸವರಿಕೊಂಡು ಬಗ್ಗಿ ಓದುತ್ತಾನೆ. ನಗುತ್ತಲೇ ಹಾರೆಯನ್ನು ಹೆಗಲಿಗೇರಿಸಿ ಮುಂದೆ ಸಾಗುತ್ತಾನೆ.

ದರ್ಜಿ ಕಣ್ಣೊರೆಸಿಕೊಂಡು, ಅದೇ ಕರವಸ್ತ್ರದಿಂದ ಕಲ್ಲಿನ ಧೂಳು ಒರೆಸಲು ಕೈ ಚಾಚುತ್ತಾರೆ. ಕನ್ನಡಿಯಕ್ಕ ಆ ಕೈ ಹಿಡಿಯುತ್ತಾರೆ.

"ಬೇಡ ಅಣ್ಣಾ. ನಿಮ್ತಾತ ಆಗಲೇ ಬೇಕಾದಷ್ಟು ಒರೆಸಿದ್ದಾರೆ."