ಐಸಿಗೆ ಅನುಮತಿ ಬೇಕಿರಲಿಲ್ಲ

ಹಣೆಯಲ್ಲಿ ಮೂರೆಳೆ ವಿಭೂತಿ, ಪ್ಯಾಂಟಿನ ಅಂಚಿಗೆ ಮೆತ್ತಿದ ಒದ್ದೆ ಮರದ ಹೊಟ್ಟು, ಸೈಕಲ್ಲಿನ ಕ್ಯಾರಿಯರ್ ಮೇಲೆ ನೀರು ತೊಟ್ಟಿಕ್ಕುವ ಗೋಣಿಚೀಲ. ನಮ್ಮ ಆರೋಗ್ಯ ಕಚೇರಿಯ ಲೆಕ್ಕಪತ್ರ ಸೂಪರಿಂಟೆಂಡೆಂಟರು ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಇದೇ. ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದ್ದ ಗುಮಾಸ್ತೆ.

ಸುತ್ತಲಿನ ಊರುಗಳ ಮಕ್ಕಳಿಗೆ ಹಾಕುವ ಲಸಿಕೆಯೆಲ್ಲ ನಮ್ಮ ಉಗ್ರಾಣದ ದೊಡ್ಡ ಫ್ರಿಜ್ಜಿನಲ್ಲಿರುತ್ತಿತ್ತು. ಅದು ಕೆಟ್ಟು ಕೂತಿತು. ರಿಪೇರಿ ಮಾಡಿಸಲು ನಮ್ಮ ಸಾಹೇಬರಿಗೆ ಅಧಿಕಾರವಿಲ್ಲ, ಬೆಂಗಳೂರಿನಿಂದ ಮಂಜೂರಾತಿ ಬರಬೇಕು. ಐಸ್ ಮಾತ್ರ ಕೊಳ್ಳಬಹುದು. ಅದು ಸಾದಿಲ್ವಾರು, ಸಣ್ಣಪುಟ್ಟ ಖರ್ಚು. ಯಾರ ಅನುಮತಿಯೂ ಬೇಡ. ಹಾಗಾಗಿ ಲಸಿಕೆಯನ್ನು ಪೆಟ್ಟಿಗೆಗಳಿಗೆ ತುಂಬಿ, ದಿನಾ ನಮ್ಮೂರಿನದೇ ಹೆಬ್ಬಾಳದ ಕಾರ್ಖಾನೆಯಿಂದ ಐಸ್ ತಂದು ಸುರಿಯುತ್ತಿದ್ದೆವು. ತೂಕವನ್ನು ಕಣ್ಣಾರೆ ನೋಡದೆ ಬಿಲ್ಲಿಗೆ ರುಜು ಹಾಕುವವರಲ್ಲ ನಮ್ಮ ಸೂಪರಿಂಟೆಂಡೆಂಟರು. ತಾವೇ ಹೋಗಿ ತರುತ್ತಿದ್ದರು. ಬೇಸಿಗೆ ಅರ್ಧ ಕಳೆಯುವಷ್ಟರಲ್ಲಿ ಐಸಿನ ಖರ್ಚು ರಿಪೇರಿ ಖರ್ಚನ್ನು ದಾಟಿತ್ತು.

"ಇದೆಂಥ ಅನ್ಯಾಯ ಸರ್!" ಎಂದೆ.

"ಸರ್ಕಾರದ ದುಡ್ಡು ಹುಂಡಿ ಇದ್ದಂಗೆ ಕಣಮ್ಮ. ಯಾರ್ ಬೇಕಾದ್ರೂ ಹಾಕ್ಬೋದು. ತೆಗೆಯೋವಾಗ ನಾಲ್ಕು ಜನ ಎದುರಿಗಿರ್ಬೇಕು."

ಒಂದು ಬೆಳಗ್ಗೆ ಐಸ್ ಕಾರ್ಖಾನೆಯಲ್ಲಿ ಮುಷ್ಕರ. ಅವರು ಖಾಲಿ ಚೀಲ ಹಿಡಿದು ಬಂದರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳಲ್ಲಿ ಬರೀ ನೀರು. ಅವರು ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಿದರು, ಯಾರನ್ನೂ ಕೇಳದೆ ಸೈಕಲ್ ಹತ್ತಿ ಹೋಗಿ ಬೋಗಾದಿಯಿಂದ ಮೆಕ್ಯಾನಿಕ್ಕನ್ನು ಕರೆತಂದರು. ದುಡ್ಡು ಕೊಟ್ಟಿದ್ದು ತಮ್ಮ ಜೇಬಿನಿಂದ. ಸಂಜೆಗೆ ಫ್ರಿಜ್ಜು ಗುಂಯ್‌ಗುಟ್ಟಿತು, ಲಸಿಕೆ ಉಳಿಯಿತು. ನಮಗೆಲ್ಲ ಹಬ್ಬ.

ಆಮೇಲೆ ಬಂತು ಮೆಮೊ. ಅನುಮತಿಯಿಲ್ಲದೆ ಸರ್ಕಾರಿ ಯಂತ್ರ ಬಿಚ್ಚಿಸಿದ್ದಕ್ಕೆ ಅವರ ಒಂದು ವರ್ಷದ ವೇತನ ಬಡ್ತಿ ಕಡಿತ! ಅಷ್ಟು ಐಸಿನ ಬಿಲ್ಲುಗಳ ಬಗ್ಗೆ ಆಡಿಟ್‌ನವರು ಒಂದೇ ಒಂದು ಸೊಲ್ಲು ಎತ್ತಿರಲಿಲ್ಲ. ಒಳ್ಳೆಯದು ಮಾಡಿದವರಿಗೆ ಹೀಗೂ ಆಗುತ್ತದೆಯೇ? ಅವರಿಗೆ ಕೋಪವೇ ಬರಲಿಲ್ಲ. "ಒಳ್ಳೇದಕ್ಕೇ ಬೀಗ ಒಡೆದೆ ಅಂದ್ರೆ, ಒಡೆದಿದ್ದು ಸುಳ್ಳಾಯ್ತದಾ?" ಎಂದು ಕೆಲಸಕ್ಕೆ ಕೂತರು. ನನಗೆ ಅವರ ಮೇಲೂ ಸಿಟ್ಟು ಬಂತು.

ವರ್ಷಗಳು ಕಳೆದವು. ಎರಡು ಸಾವಿರದ ಇಸವಿಯಿಂದ ಈಚೆಗೆ ನಿಯಮ ಬದಲಾಯಿತು. ರಿಪೇರಿ, ಖರೀದಿಯಂಥ ಖರ್ಚನ್ನು ಇನ್ನು ಕಚೇರಿಯ ಸಮಿತಿಯೇ ತೀರ್ಮಾನಿಸಬಹುದು. ಆಗ ಅವರ ಕುರ್ಚಿಯಲ್ಲಿ ನಾನಿದ್ದೆ. ಸಂತೋಷ ತಡೆಯಲಾರದೆ ಜಯಲಕ್ಷ್ಮಿಪುರಂನ ಅವರ ಮನೆಗೆ ಓಡಿದೆ. ನಿವೃತ್ತರಾಗಿದ್ದ ಅವರು ಆಗಲೇ ಹಾಸಿಗೆ ಹಿಡಿದಿದ್ದರು.

"ಇನ್ಮೇಲೆ ಬೆಂಗಳೂರಿಗೆ ಬರೆಯೋದೇ ಬೇಡ ಸರ್. ನಾವೇ ಖರ್ಚು ಮಾಡ್ಬೋದು!"

ನಗುತ್ತಾರೆಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಏಳಲಾರದ ಮನುಷ್ಯ ಮೊಣಕೈ ಊರಿ ಏಳಲು ಹೊರಟರು.

"ಅಂಗಾದ್ರೆ ಕೇಳೋರು ಯಾರಮ್ಮ?"

ಆ ನಿಯಮದಿಂದಲೇ ಪೆಟ್ಟು ತಿಂದವರು ಈ ಮಾತಾಡುವುದೇ! ವಯಸ್ಸಾಯಿತು, ಪಾಪ, ಎಂದುಕೊಂಡು ಬಂದೆ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಅದೇ ಬೇಸಿಗೆ ಸಮಿತಿಯ ಮೊದಲ ಸಭೆ. ಫ್ರಿಜ್ಜು ಮತ್ತೆ ಕೆಟ್ಟು ನಿಂತಿತ್ತು. ಮೊದಲು ಚರ್ಚೆಗೆ ಬಂದದ್ದು ಹೊಸ ಸಾಹೇಬರ ಕೋಣೆಗೆ ಸೋಫಾ. ಎಲ್ಲರೂ ತಲೆಯಾಡಿಸಿದರು, ಕಾಗದ ಸಹಿಗೆಂದು ನನ್ನ ಮುಂದೆ ಬಂತು.

"ಫ್ರಿಜ್ಜು ಸರ್?"

"ಮುಂದಿನ್ ಸಲ ನೋಡೋಣ ಬುಡಿ. ಅಲ್ಲೀತಂಕ ಐಸ್ ಇದ್ಯಲ್ಲ!" ಎಂದರು ಸಾಹೇಬರು.

ಕೈಯಲ್ಲಿ ಪೆನ್ನಿತ್ತು, ಕಣ್ಣ ಮುಂದೆ ಆ ತೊಟ್ಟಿಕ್ಕುವ ಗೋಣಿಚೀಲ. ನಾನು ಜೋರಾಗಿ ಮಾತಾಡುವವಳೇ ಅಲ್ಲ. ಅವತ್ತು ಮಾತ್ರ ಕಾಗದವನ್ನು ಸಾಹೇಬರ ಕಡೆಗೇ ಸರಿಸಿ, "ಕೇಳೋರು ಯಾರೂ ಇಲ್ಲ ಅಂದ್ಕೋಬೇಡಿ. ನಾನು ಕೇಳ್ತಾ ಇದೀನಿ," ಎಂದುಬಿಟ್ಟೆ.

ಸೋಫಾ ಬರಲಿಲ್ಲ, ಫ್ರಿಜ್ಜು ರಿಪೇರಿಯಾಯಿತು. ಸಾಹೇಬರು ವರ್ಗವಾಗಿ ಹೋಗುವವರೆಗೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಆ ಧೈರ್ಯ ನನ್ನದು ಎಂದು ಅವರು ತಪ್ಪು ತಿಳಿದಿದ್ದರು. ಅದು ಗೋಣಿಚೀಲದಲ್ಲಿ ಐಸ್ ತರುತ್ತಿದ್ದವರದು.